ಬೆಂಕಿಕಡ್ಡಿ ಇಲ್ಲದೆ ಬೆಂಕಿ: ಮನೆ ಸಾಮಾನಿನಿಂದ ಕಟ್ಟಿದ ಕಿಡಿ ಡಬ್ಬಿ

ಅಂಗೈ ಅಗಲದ ಒಂದು ತಗಡಿನ ಡಬ್ಬಿ. ಅದರೊಳಗೆ ಬೆಂಕಿಪೊಟ್ಟಣ ಇರಬಾರದು, ಗ್ಯಾಸ್ ತುಂಬಿದ ಲೈಟರ್ ಇರಬಾರದು. ಮನೆಯಲ್ಲೇ ಬಿದ್ದಿರುವ, ಹೆಚ್ಚುಕಡಿಮೆ ಕಸಕ್ಕೆ ಹೋಗಬೇಕಾದ ಸಾಮಾನು ಮಾತ್ರ ಇರಬೇಕು. ಆದರೂ ಡಬ್ಬಿ ತೆರೆದು ಕೂತರೆ ಬೆಂಕಿ ಹೊತ್ತಲೇಬೇಕು. ಮೋಡ ಕವಿದಿದ್ದರೂ, ಕತ್ತಲಾಗಿದ್ದರೂ, ಗಾಳಿ ಸ್ವಲ್ಪ ಜಾಸ್ತಿಯೇ ಇದ್ದರೂ. ಈ ಪ್ರಾಜೆಕ್ಟಿಗೆ ಹಾಕಿಕೊಂಡ ಷರತ್ತು ಇಷ್ಟೇ.

ಬೆಂಕಿ ಹಚ್ಚುವುದು ಅಂದ ಕೂಡಲೇ ಎಲ್ಲರ ತಲೆ ಕಿಡಿಯ ಕಡೆಗೆ ಓಡುತ್ತದೆ. ನಿಜ ಹೇಳಬೇಕೆಂದರೆ ಮನೆಯಲ್ಲಿ ಕಿಡಿಗೆ ಬರವೇ ಇಲ್ಲ. ಗ್ಯಾಸ್ ಮುಗಿದ ಲೈಟರ್, ಹಲ್ಲು ಸವೆದ ಅರ, ಬ್ಯಾಟರಿ, ಭೂತಗನ್ನಡಿ, ಯಾವುದನ್ನು ತೆಗೆದುಕೊಂಡರೂ ಕಿಡಿಯೋ ಬಿಸಿಯೋ ಸಿಗುತ್ತದೆ. ಆದರೆ ಆ ಕಿಡಿಯ ಆಯಸ್ಸು ಕಣ್ಣು ಮಿಟುಕಿಸುವಷ್ಟು. ಅಷ್ಟರೊಳಗೆ ಅದನ್ನು ಹಿಡಿದಿಟ್ಟುಕೊಳ್ಳುವ ವಸ್ತು ಕೆಳಗೆ ಕಾಯುತ್ತಿರಬೇಕು. ಸುಮ್ನೆ ಕಾಗದದ ಮೇಲೆ ಕಿಡಿ ಉದುರಿಸಿ ನೋಡಿ, ಸಂಜೆವರೆಗೂ ಉದುರಿಸಿದರೂ ಕಾಗದಕ್ಕೆ ಕಲೆ ಕೂಡ ಆಗುವುದಿಲ್ಲ. ಹಾಗಾಗಿ ಈ ಡಬ್ಬಿಯಲ್ಲಿ ಮುಕ್ಕಾಲು ಪಾಲು ಜಾಗ ಕೊಟ್ಟಿರುವುದು ಕಿಡಿ ಹಿಡಿಯುವ ವಸ್ತುಗಳಿಗೆ. ಕೆಲಸವೂ ಅದರಿಂದಲೇ ಶುರು.

ಕೆಲಸ ಮಾಡಿದ್ದೆಲ್ಲ ಮನೆ ಹೊರಗೆ, ಬರೀ ಸಿಮೆಂಟ್ ನೆಲದ ಮೇಲೆ. ಪಕ್ಕದಲ್ಲಿ ಒಂದು ಬಕೆಟ್ ನೀರು, ಒಂದು ಒದ್ದೆ ಗೋಣಿಚೀಲ. ಮೈಮೇಲೆ ಹತ್ತಿ ಬಟ್ಟೆ, ಏಕೆಂದರೆ ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಕಲ್ಲಿಗೆ ಉಕ್ಕು ಬಡಿಯುವಾಗ ಕಣ್ಣಿಗೆ ಕನ್ನಡಕ. ಒಣ ಹುಲ್ಲು, ಪರದೆ, ಪೆಟ್ರೋಲ್ ಕ್ಯಾನು ಹತ್ತಿರ ಇರಬಾರದು ಅಂತ ಬೇರೆ ಹೇಳಬೇಕಿಲ್ಲ ಅಲ್ವಾ?

ಇದ್ದಿಲು ಬಟ್ಟೆ

ಡಬ್ಬಿಯ ಜೀವಾಳ ಇದೇ. ಹತ್ತಿ ಬಟ್ಟೆಯನ್ನು ಗಾಳಿ ಆಡದಂತೆ ಮುಚ್ಚಿ ಕಾಯಿಸಿದರೆ ಅದು ಉರಿಯುವುದಿಲ್ಲ, ಇದ್ದಿಲಾಗುತ್ತದೆ. ಬಟ್ಟೆಯ ನೇಯ್ಗೆ ಹಾಗೇ ಉಳಿದಿರುತ್ತದೆ, ಬಣ್ಣ ಮಾತ್ರ ಕಡುಗಪ್ಪು. ಈ ಬಟ್ಟೆಗೆ ಸಾಸಿವೆ ಕಾಳಿಗಿಂತ ಸಣ್ಣ ಕಿಡಿ ತಾಗಿದರೂ ಸಾಕು, ಅಲ್ಲೇ ಕೂತು ಕೆಂಡವಾಗುತ್ತದೆ.

ಮೊದಲು ಬಟ್ಟೆ ಆರಿಸಬೇಕು. ನೂರಕ್ಕೆ ನೂರು ಹತ್ತಿಯೇ ಆಗಬೇಕು. ಹಳೆಯ ಬನಿಯನ್, ಹಾಸಿಗೆ ಹೊದಿಕೆ, ದಪ್ಪ ಜೀನ್ಸ್ ಎಲ್ಲ ನಡೆಯುತ್ತದೆ. ಆದರೆ ಈಗಿನ ಜೀನ್ಸಿನಲ್ಲಿ ಎಳೆದರೆ ಹಿಗ್ಗುವ ಎಳೆ ಬೆರೆತಿರುವುದೇ ಹೆಚ್ಚು. ಅನುಮಾನ ಇದ್ದರೆ ಅಂಚಿನಿಂದ ಒಂದು ದಾರ ಎಳೆದು ಸುಟ್ಟು ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಆದರೆ ತುದಿ ಮುದುಡಿ ಗಟ್ಟಿ ಗುಂಡಾಗುತ್ತದೆ. ಅಂಥ ಬಟ್ಟೆಯನ್ನು ಡಬ್ಬಿಗೆ ಹಾಕಿದರೆ ಒಳಗೆ ಕರಗಿ ಎಲ್ಲವೂ ಒಂದೇ ಮುದ್ದೆ.

ಕಾಯಿಸುವುದಕ್ಕೆ ಬಿಗಿ ಮುಚ್ಚಳದ ಸಣ್ಣ ತಗಡಿನ ಡಬ್ಬಿ ಬೇಕು. ಶೂ ಪಾಲಿಶ್ ಡಬ್ಬಿಯನ್ನು ಚೆನ್ನಾಗಿ ತೊಳೆದರೆ ಅದೇ ಸಾಕು. ಹೊಸ ಡಬ್ಬಿಗಳ ಒಳಗೆ ಹೊರಗೆ ಬಣ್ಣ, ಲೇಪ ಇರುತ್ತದೆ. ಬಟ್ಟೆ ಹಾಕುವ ಮೊದಲು ಖಾಲಿ ಡಬ್ಬಿಯನ್ನೇ ಒಮ್ಮೆ ಕೆಂಡದ ಮೇಲಿಟ್ಟು ಆ ಲೇಪ ಸುಟ್ಟು ಹೋಗಲು ಬಿಡಬೇಕು, ಹೊಗೆಯಿಂದ ದೂರ ನಿಂತು. ಸತುವಿನ ಲೇಪ ಇರುವ ಜಿಐ ತಗಡು ಮಾತ್ರ ಬೇಡವೇ ಬೇಡ. ಅದನ್ನು ಕೆಂಪಗೆ ಕಾಯಿಸಿದರೆ ಬರುವ ಹೊಗೆ ಕುಡಿದವರಿಗೆ ಚಳಿಜ್ವರ ಹಿಡಿಯುತ್ತದೆ.

ಮುಚ್ಚಳದ ನಡುವೆ ಮೊಳೆ ಹೊಡೆದು ಒಂದು ತೂತು, ಎರಡು ಮಿಲಿಮೀಟರಿನಷ್ಟು. ಬಟ್ಟೆಯನ್ನು ನಾಲ್ಕು ಸೆಂಟಿಮೀಟರಿನ ಚೌಕಗಳಾಗಿ ಕತ್ತರಿಸಿ, ಒತ್ತದೆ, ಸಡಿಲವಾಗಿ ಒಂದರ ಮೇಲೊಂದು ಇಟ್ಟೆ. ಮುಚ್ಚಳ ಹಾಕಿ ಕೆಂಡದ ಮೇಲೆ ಕೂರಿಸಿದೆ. ಸ್ವಲ್ಪ ಹೊತ್ತಿಗೆ ತೂತಿನಿಂದ ದಾರದಂತೆ ಬಿಳಿ ಹೊಗೆ ಏಳುತ್ತದೆ. ಆಮೇಲೆ ಹೊಗೆ ಹಳದಿಯಾಗಿ ದಪ್ಪಗಾಗುತ್ತದೆ. ಅದು ಉರಿಯುವ ಅನಿಲ, ಹಾಗಾಗಿ ತೂತಿನ ಬಾಯಲ್ಲಿ ಒಂದು ಪುಟ್ಟ ಜ್ವಾಲೆ ನಿಂತರೂ ಗಾಬರಿ ಬೇಡ. ಹತ್ತಿಯೊಳಗಿನ ನೀರು, ಟಾರು, ಅನಿಲ ಎಲ್ಲ ಹೀಗೆ ಹೊರಗೆ ಹೋಗಿ ಕೊನೆಗೆ ಇಂಗಾಲ ಮಾತ್ರ ಒಳಗೆ ಉಳಿಯುತ್ತದೆ. ಹೊಗೆ ನಿಂತರೆ ಕೆಲಸ ಮುಗಿಯಿತು.

ಇಲ್ಲಿ ಆತುರ ಕೂಡದು. ಡಬ್ಬಿಯನ್ನು ಕೆಂಡದಿಂದ ಇಳಿಸಿದ ಕೂಡಲೇ ತೂತಿಗೆ ಮೊಳೆ ಸಿಕ್ಕಿಸಿ, ಕೈಯಲ್ಲಿ ಹಿಡಿಯುವಷ್ಟು ತಣ್ಣಗಾಗುವ ತನಕ ಮುಟ್ಟಬಾರದು. ಬಿಸಿ ಇರುವಾಗಲೇ ಮುಚ್ಚಳ ತೆಗೆದರೆ ಗಾಳಿ ಒಳಗೆ ನುಗ್ಗಿ, ಇಷ್ಟು ಹೊತ್ತು ಕಾದು ಮಾಡಿದ್ದೆಲ್ಲ ಕಣ್ಣೆದುರೇ ಕೆಂಪಗೆ ಹೊತ್ತಿ ಬೂದಿಯಾಗುತ್ತದೆ.

ತೆರೆದಾಗ ಬಟ್ಟೆ ಮೂಲ ಗಾತ್ರಕ್ಕಿಂತ ಕುಗ್ಗಿರುತ್ತದೆ. ಅಲ್ಲಲ್ಲಿ ಕಂದು ಬಣ್ಣ ಉಳಿದಿದ್ದರೆ ಇನ್ನಷ್ಟು ಕಾಯಿಸಬೇಕು. ಮುಟ್ಟಿದರೆ ಪುಡಿಯಾದರೆ ಕಾವು ಹೆಚ್ಚಾಯಿತು ಅಂತ. ಸರಿಯಾಗಿ ಬಂದ ತುಂಡು ಪೂರ್ತಿ ಕಪ್ಪಗಿರುತ್ತದೆ, ಎರಡು ಬೆರಳಲ್ಲಿ ಎತ್ತಿದರೆ ಹರಿಯದೆ ನಿಲ್ಲುತ್ತದೆ, ಮೆಲ್ಲಗೆ ಎಳೆದರೆ ಹರಿದು ಬರುತ್ತದೆ. ಜೀನ್ಸಿನ ತುಂಡುಗಳು ಹೆಚ್ಚು ಹೊತ್ತು ಕೆಂಡ ಹಿಡಿದವು. ಬನಿಯನ್ ತುಂಡುಗಳು ಬೇಗ ಹಿಡಿದು ಬೇಗ ಮುಗಿದವು. ಡಬ್ಬಿಯಲ್ಲಿ ಎರಡನ್ನೂ ಇಟ್ಟಿದ್ದೇನೆ.

ಕಲ್ಲು, ಉಕ್ಕು

1827ರಲ್ಲಿ ಇಂಗ್ಲೆಂಡಿನ ಜಾನ್ ವಾಕರ್ ಉಜ್ಜಿದರೆ ಹೊತ್ತುವ ಕಡ್ಡಿಗಳನ್ನು ಮಾರಲು ಶುರು ಮಾಡಿದರು. ಅದಕ್ಕೂ ಮೊದಲು ಯುರೋಪಿನ ಮನೆಗಳಲ್ಲಿ ಬೆಂಕಿಗೆ ಅಂತ ಇದ್ದದ್ದು ಇಂಥದ್ದೇ ಒಂದು ಡಬ್ಬಿ: ಉಕ್ಕಿನ ತುಂಡು, ಚಕಮಕಿ ಕಲ್ಲು, ಸುಟ್ಟು ಕರಿ ಮಾಡಿದ ಬಟ್ಟೆ. ನಾನು ಮಾಡಿದ್ದರಲ್ಲಿ ಹೊಸದೇನೂ ಇಲ್ಲ ಅಂತ ಇದರಿಂದಲೇ ಗೊತ್ತಾಗುತ್ತದೆ.

ಉಕ್ಕಿಗೆ ಹಲ್ಲು ಸವೆದ ಹಳೆಯ ಅರ ತೆಗೆದುಕೊಂಡೆ. ಅರಕ್ಕೆ ಬಳಸುವುದು ಇಂಗಾಲ ಜಾಸ್ತಿ ಇರುವ, ಚೆನ್ನಾಗಿ ಹದ ಮಾಡಿದ ಉಕ್ಕು. ಅದು ಗಟ್ಟಿಯಾಗಿರುತ್ತದೆ, ಹಾಗೆಯೇ ಪೆಡಸು. ವೈಸ್‌ನಲ್ಲಿ ಬಿಗಿದು, ಮೇಲೆ ದಪ್ಪ ಬಟ್ಟೆ ಹೊದಿಸಿ ಸುತ್ತಿಗೆಯಿಂದ ಹೊಡೆದರೆ ಕಡ್ಡಿಯಂತೆ ಮುರಿಯುತ್ತದೆ. ಒಂದು ಬೆರಳುದ್ದದ ತುಂಡು ಸಾಕು. ಅದರ ಒಂದು ಅಂಚಿನ ಹಲ್ಲುಗಳನ್ನು ಉಜ್ಜಿ ನುಣುಪು ಮಾಡಿಕೊಂಡೆ. ಉಜ್ಜುವಾಗ ನೀರಿನಲ್ಲಿ ಅದ್ದುತ್ತಾ ಹೋಗಬೇಕು. ಅಂಚು ನೀಲಿ ಬಣ್ಣಕ್ಕೆ ತಿರುಗುವಷ್ಟು ಬಿಸಿಯಾದರೆ ಹದ ಇಳಿದುಹೋಗುತ್ತದೆ, ಆಮೇಲೆ ಕಿಡಿಯೂ ಕಡಿಮೆ. ಅಡುಗೆಮನೆಯ ಸ್ಟೇನ್‌ಲೆಸ್ ಚಾಕುವಿನ ಬೆನ್ನಿನಿಂದ ಕಿಡಿ ಬರುತ್ತದೆ ಅಂತ ಕಾದು ಕೂರಬೇಡಿ. ಅದರಲ್ಲಿರುವ ಕ್ರೋಮಿಯಂ ಕಬ್ಬಿಣ ಉರಿಯದಂತೆ ಅಡ್ಡ ನಿಲ್ಲುತ್ತದೆ.

ಕಲ್ಲಿಗೆ ಬಿಳಿ ಬೆಣಚುಕಲ್ಲು ಆಯಿತು. ಚಕಮಕಿ ಕಲ್ಲಿನಷ್ಟು ಚುರುಕಲ್ಲ, ಆದರೂ ಉಕ್ಕಿಗಿಂತ ಗಟ್ಟಿ. ಬೇಕಾಗಿರುವುದು ಅಷ್ಟೇ. ಕಿಡಿ ಬರುವುದು ಕಲ್ಲಿನಿಂದ ಅಂತ ಬಹಳ ಜನ ತಿಳಿದಿದ್ದಾರೆ. ಕಲ್ಲು ಇಲ್ಲಿ ಬರೀ ಕತ್ತಿ. ಅದರ ಚೂಪು ಅಂಚು ಉಕ್ಕಿನಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳನ್ನು ಹೆರೆದು ತೆಗೆಯುತ್ತದೆ. ಹೆರೆಯುವ ಬಿಸಿಗೇ ಆ ಚೂರು ಕೆಂಪಾಗಿ, ಗಾಳಿಯಲ್ಲಿ ಹಾರುತ್ತಲೇ ಉರಿಯುತ್ತದೆ. ಹೀಗಾಗಿ ಗುಂಡಗಿನ ನದಿಕಲ್ಲಿನಿಂದ ಕಿಡಿ ಬರುವುದಿಲ್ಲ. ಒಡೆದು ಚೂಪು ಅಂಚು ಮಾಡಿಕೊಳ್ಳಬೇಕು.

ಎಡಗೈಯಲ್ಲಿ ಕಲ್ಲು, ಅದರ ಅಂಚಿಗೆ ಸರಿಯಾಗಿ ಮೇಲ್ಗಡೆ ಇದ್ದಿಲು ಬಟ್ಟೆ, ಅದನ್ನು ಒತ್ತಿಹಿಡಿದ ಹೆಬ್ಬೆರಳು. ಬಲಗೈಯಲ್ಲಿ ಉಕ್ಕು. ಹೊಡೆತ ನೇರವಾಗಿ ಬೀಳಬಾರದು, ಅಂಚನ್ನು ಸವರಿಕೊಂಡು ಕೆಳಗಿಳಿಯಬೇಕು. ಕೈ ಕುದುರಿದ ಮೇಲೆ ಕಿಡಿಗಳು ಮೇಲಕ್ಕೂ ಪಕ್ಕಕ್ಕೂ ಚಿಮ್ಮುತ್ತವೆ. ಅದರಲ್ಲಿ ಒಂದು ಬಟ್ಟೆಯ ಅಂಚಿಗೆ ಕೂತಿತು ಅಂತಿಟ್ಟುಕೊಳ್ಳಿ. ಮೊದಲಿಗೆ ಏನೂ ಕಾಣುವುದಿಲ್ಲ. ಕೈಯಿಂದ ನೆರಳು ಮಾಡಿ ನೋಡಿದರೆ ಗುಂಡುಸೂಜಿಯ ತಲೆಯಷ್ಟು ಕೆಂಪು ಚುಕ್ಕೆ. ಮೆಲ್ಲಗೆ ಊದಿದರೆ ಅದು ಕಿತ್ತಳೆ ಬಣ್ಣಕ್ಕೆ ತಿರುಗಿ ಎಳೆಯಿಂದ ಎಳೆಗೆ ದಾಟುತ್ತದೆ. ಸುತ್ತ ಕೆಂಪು ಅಂಚು, ನಡುವೆ ಬೂದು ಬಣ್ಣದ ಬೂದಿ, ಆ ಬೂದಿಯಲ್ಲೂ ನೇಯ್ಗೆ ಕಾಣುತ್ತದೆ. ಜ್ವಾಲೆ ಇಲ್ಲ, ಹೊಗೆಯೂ ಇಲ್ಲವೆನ್ನುವಷ್ಟು ಕಡಿಮೆ. ಗಾಳಿ ಬೀಸಿದರೆ ಆರುವ ಬದಲು ಇನ್ನೂ ಜೋರಾಗುತ್ತದೆ. ಗಾಳಿಯ ದಿನಕ್ಕೆ ಕಡ್ಡಿಗಿಂತ ಇದೇ ವಾಸಿ.

ಈ ಕೆಂಡವನ್ನು ಜ್ವಾಲೆಯಾಗಿ ಮಾಡಲು ಒಂದು ಗೂಡು ಬೇಕು. ಸೆಣಬಿನ ಹುರಿಯನ್ನು ಬೆರಳುದ್ದಕ್ಕೆ ಕತ್ತರಿಸಿ, ಹೊಸೆತ ಬಿಚ್ಚಿ, ಎಳೆ ಎಳೆಯಾಗಿ ಬಿಡಿಸಿ ಉಂಡೆ ಮಾಡಿದೆ. ಕೆಂಡವನ್ನು ಅದರ ನಡುವೆ ಇಟ್ಟು, ಸಡಿಲವಾಗಿ ಮಡಚಿ, ಮುಖದಿಂದ ಸ್ವಲ್ಪ ಮೇಲಕ್ಕೆತ್ತಿ ಕೆಳಗಿನಿಂದ ಉದ್ದುದ್ದ ಊದಬೇಕು. ಹೊಗೆ ದಪ್ಪವಾಗುತ್ತಾ ಬಂದು, ಬುಸ್ ಅಂತ ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ಕೈಯಲ್ಲಿ ಹಿಡಿಯುವುದಕ್ಕಿಂತ ಇಕ್ಕಳದಲ್ಲಿ ಹಿಡಿಯುವುದು ಜಾಣತನ.

ಗ್ಯಾಸ್ ಮುಗಿದ ಲೈಟರ್

ಇಡೀ ಡಬ್ಬಿಯಲ್ಲಿ ಯಾವುದಾದರೂ ಒಂದನ್ನು ಮಾತ್ರ ಇಟ್ಟುಕೊಳ್ಳಿ ಅಂದರೆ ನಾನು ಇದನ್ನೇ ಇಟ್ಟುಕೊಳ್ಳುತ್ತೇನೆ. ಜನ ಇದನ್ನು ಎಸೆಯುತ್ತಾರಲ್ಲ ಅನ್ನುವುದೇ ಆಶ್ಚರ್ಯ. ಗ್ಯಾಸ್ ಖಾಲಿಯಾದರೂ ಚಕ್ರದ ಕೆಳಗಿನ ಕಲ್ಲು ಬಹಳ ಸಲ ಇನ್ನೂ ಉಳಿದಿರುತ್ತದೆ. ಚಕ್ರ ಇರುವ ಲೈಟರ್ ಮಾತ್ರ ಆಗಬೇಕು. ಟಕ್ ಅಂತ ಒತ್ತುವ ಬಗೆಯದ್ದರಲ್ಲಿ ವಿದ್ಯುತ್ ಕಿಡಿ ಹುಟ್ಟುತ್ತದೆ. ಅದು ಗ್ಯಾಸಿಗೆ ಸರಿ, ಹತ್ತಿಗೆ ಸಾಲದು.

ಆ ಕಲ್ಲು ನಿಜವಾಗಿ ಕಲ್ಲೇ ಅಲ್ಲ, ಫೆರೋಸೀರಿಯಂ ಅನ್ನುವ ಮಿಶ್ರಲೋಹ. ಆಸ್ಟ್ರಿಯಾದ ಕಾರ್ಲ್ ಆವರ್ ಫಾನ್ ವೆಲ್ಸ್‌ಬಾಕ್ 1903ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಕಬ್ಬಿಣದ ಜೊತೆ ಸೀರಿಯಂ, ಲ್ಯಾಂಥನಂ ತರಹದ ಲೋಹಗಳು ಬೆರೆತಿರುತ್ತವೆ. ಸೀರಿಯಂ ಪುಡಿ ಕಡಿಮೆ ಬಿಸಿಗೇ ಹೊತ್ತಿಕೊಳ್ಳುವ ಜಾತಿ. ಹಾಗಾಗಿ ಇಲ್ಲಿ ಪಾತ್ರ ಅದಲುಬದಲು: ಉಕ್ಕಿನ ಚಕ್ರ ಹೆರೆಯುತ್ತದೆ, ಕಲ್ಲು ಉರಿಯುತ್ತದೆ. ಅಂದಹಾಗೆ, ಉಜ್ಜುವ ಕಡ್ಡಿಗಿಂತ ಲೈಟರೇ ಹಳೆಯದು. ಜರ್ಮನಿಯ ಡೋಬರೈನರ್ 1823ರಲ್ಲೇ ಹೈಡ್ರೋಜನ್ ಅನಿಲವನ್ನು ಪ್ಲಾಟಿನಂ ಮೇಲೆ ಹಾಯಿಸಿ ಹೊತ್ತಿಸುವ ದೀಪ ಮಾಡಿದ್ದರು. ಮೇಜಿನ ಮೇಲೆ ಇಡುವ ಗಾತ್ರದ್ದು, ಒಳಗೆ ಆಮ್ಲ ಬೇರೆ. ಜೇಬಿಗೆ ಇಳಿಸುವ ಹಾಗಿರಲಿಲ್ಲ.

ಮಾಡಿದ್ದು ಹೀಗೆ. ಮೊದಲು ಗ್ಯಾಸ್ ಪೂರ್ತಿ ಹೋಗಿದೆಯಾ ಅಂತ ಬಯಲಲ್ಲಿ ಗುಂಡಿ ಒತ್ತಿ ಹಿಡಿದು ಖಾತ್ರಿ ಮಾಡಿಕೊಂಡೆ. ಸೂಜಿಮೂತಿ ಇಕ್ಕಳದಿಂದ ಮೇಲಿನ ತಗಡಿನ ಕವಚ ಕಿತ್ತೆ. ಚಕ್ರವನ್ನು ಮಾತ್ರ ಬಿಚ್ಚಲಿಲ್ಲ. ಅದನ್ನು ತೆಗೆದರೆ ಕೆಳಗಿನ ಸ್ಪ್ರಿಂಗ್ ಹಾರಿ, ಅಕ್ಕಿಕಾಳಿನಷ್ಟು ದೊಡ್ಡ ಕಲ್ಲನ್ನೂ ಜೊತೆಗೆ ಹಾರಿಸಿಕೊಂಡು ಹೋಗುತ್ತದೆ. ಹುಡುಕುವುದು ದೇವರಿಗೇ ಪ್ರೀತಿ. ಕವಚ ತೆಗೆದರೆ ಕಿಡಿಗಳು ಅಗಲವಾಗಿ ಬೀಳುತ್ತವೆ, ಹತ್ತಿಗೆ ಹತ್ತಿರ ಹಿಡಿಯಲೂ ಆಗುತ್ತದೆ.

ಇದ್ದಿಲು ಬಟ್ಟೆಯ ಮೇಲೆ ಒಂದು ಸಲ ಚಕ್ರ ತಿರುಗಿಸಿದರೆ ಸಾಕು. ಅದಿಲ್ಲದಾಗ ಇನ್ನೊಂದು ಉಪಾಯ ಇದೆ. ಚಕ್ರವನ್ನು ಜೋರಾಗಿ ತಿರುಗಿಸದೆ, ಕಿಡಿ ಏಳದಷ್ಟು ನಿಧಾನವಾಗಿ, ಹೆಬ್ಬೆರಳಿನಿಂದ ಹಿಂದೆ ಮುಂದೆ ತೇಯುತ್ತಾ ಹೋಗಬೇಕು. ಕೆಳಗೆ ಟಿಶ್ಯೂ ಕಾಗದ ಇಟ್ಟರೆ ಅದರ ಮೇಲೆ ಬೂದು ಪುಡಿ ಉದುರುತ್ತದೆ. ಒಂದು ಚಿಟಿಕೆಗಿಂತ ಕಡಿಮೆ ಸಾಕು, ಆದರೆ ಹರಡದೆ ಒಂದೇ ಕಡೆ ಇರಬೇಕು. ಆಮೇಲೆ ಅದರ ಹತ್ತಿರ ಹಿಡಿದು ಒಮ್ಮೆ ಜೋರಾಗಿ ತಿರುಗಿಸಿ. ಪುಡಿಗೆ ಕಿಡಿ ಬಿದ್ದ ಕ್ಷಣ ಫಕ್ಕನೆ ಬಿಳಿ ಬೆಳಕು, ಹಿಂದೆಯೇ ಟಿಶ್ಯೂ ಅಂಚಿನಲ್ಲಿ ಜ್ವಾಲೆ. ಕಿಡಿಗೆ ಜಗ್ಗದ ಕಾಗದವೂ ಈ ಪುಡಿಗೆ ಬಗ್ಗುತ್ತದೆ. ಗಾಳಿ ಇದ್ದರೆ ಪುಡಿ ಹಾರಿ ಹೋಗುತ್ತದೆ, ಮೈಯನ್ನೇ ಅಡ್ಡ ಇಟ್ಟುಕೊಳ್ಳಬೇಕು.

ಬ್ಯಾಟರಿಯ ಆಟಗಳು

ನೋಡುವವರಿಗೆ ಬಹಳ ಖುಷಿ ಕೊಡುವುದು ಇದು. ನಯವಾದ ಉಕ್ಕಿನ ನಾರು, ಅಂದರೆ ಸ್ಟೀಲ್ ವೂಲ್, ಅದಕ್ಕೆ 9 ವೋಲ್ಟಿನ ಚೌಕ ಬ್ಯಾಟರಿಯ ಎರಡೂ ತುದಿ ಸವರಿದರೆ ಸಾಕು, ಎಳೆಗಳ ಮೇಲೆ ಕೆಂಪು ಚುಕ್ಕೆಗಳು ಓಡಾಡಲು ಶುರು. ಊದಿದರೆ ಉಂಡೆಯಿಡೀ ಹೊಳೆಯುತ್ತದೆ. ತೆಳು ಎಳೆಯಲ್ಲಿ ವಿದ್ಯುತ್ ಹರಿದು ಅದು ಕಾಯುತ್ತದೆ. ಕಾದ ಕಬ್ಬಿಣಕ್ಕೆ ಸುತ್ತ ಬೇಕಾದಷ್ಟು ಗಾಳಿ ಸಿಗುವುದರಿಂದ ಹೊತ್ತಿಕೊಳ್ಳುತ್ತದೆ. ಸುಟ್ಟ ಮೇಲೆ ತೂಗಿ ನೋಡಿದರೆ ತೂಕ ಏರಿರುತ್ತದೆ, ಏಕೆಂದರೆ ಗಾಳಿಯ ಆಮ್ಲಜನಕ ಕಬ್ಬಿಣಕ್ಕೆ ಸೇರಿರುತ್ತದೆ.

ಪಾತ್ರೆ ಉಜ್ಜುವ ಗುಂಗುರು ಸ್ಟೇನ್‌ಲೆಸ್ ಸ್ಕ್ರಬ್ಬರಿನಿಂದ ಇದು ಆಗುವುದಿಲ್ಲ. ಅದರ ಎಳೆ ದಪ್ಪ, ಲೋಹವೂ ಬೇರೆ. ಮರಗೆಲಸದವರು ಪಾಲಿಶ್‌ಗೆ ಬಳಸುವ 0000 ಗ್ರೇಡಿನ ನಾರು ಬೇಕು, ಅದರ ಎಳೆ ತಲೆಗೂದಲಿಗಿಂತ ತೆಳು. ತುಕ್ಕು ಹಿಡಿದದ್ದೂ ನಡೆಯುವುದಿಲ್ಲ, ಅದು ಆಗಲೇ ಸುಟ್ಟ ಹಾಗೇ ಲೆಕ್ಕ.

ಚ್ಯೂಯಿಂಗ್ ಗಮ್ ಸುತ್ತಿದ ಕಾಗದದ್ದು ಇನ್ನೊಂದು ಆಟ. ಒಂದು ಬದಿ ಅಲ್ಯೂಮಿನಿಯಂ, ಇನ್ನೊಂದು ಬದಿ ಕಾಗದ ಇರುವಂಥದ್ದು ಬೇಕು. ಬರೀ ಹೊಳೆಯುವ ಪ್ಲಾಸ್ಟಿಕ್ ಆದರೆ ಬಿಟ್ಟುಬಿಡಿ. ಉದ್ದ ಪಟ್ಟಿ ಕತ್ತರಿಸಿ, ನಡುವೆ ಎರಡೂ ಕಡೆಯಿಂದ ಕತ್ತರಿ ಹಾಕಿ, ಎರಡು ಮಿಲಿಮೀಟರಿನಷ್ಟು ಸಣ್ಣ ಸೊಂಟ ಬಿಡಬೇಕು. ಪೆನ್‌ಟಾರ್ಚಿನ 1.5 ವೋಲ್ಟ್ ಸೆಲ್ಲಿನ ಎರಡು ತುದಿಗೆ ಪಟ್ಟಿಯ ಎರಡು ತುದಿಗಳ ಹೊಳೆಯುವ ಬದಿ ತಾಗಿಸಿದರೆ ಸೊಂಟದ ಕಡೆ ಕಾದು ಕಾಗದ ಉರಿಯುತ್ತದೆ. ಎಲ್ಲ ವಿದ್ಯುತ್ತೂ ಆ ಇಕ್ಕಟ್ಟಿನಲ್ಲೇ ಹಾಯಬೇಕಲ್ಲ, ಅದಕ್ಕೆ. ಜ್ವಾಲೆ ಕ್ಷಣ ಮಾತ್ರ ಇರುತ್ತದೆ, ಅಷ್ಟರಲ್ಲಿ ಹತ್ತಿಗೆ ದಾಟಿಸಬೇಕು. ಸೊಂಟ ತೀರಾ ಸಣ್ಣದಾದರೆ ಹೊತ್ತುವ ಮೊದಲೇ ತುಂಡಾಗುತ್ತದೆ.

ಎರಡೂ ಆಟ ಚೆನ್ನಾಗಿವೆ, ಎರಡನ್ನೂ ಡಬ್ಬಿಗೆ ಸೇರಿಸಲಿಲ್ಲ. ತಗಡಿನ ಡಬ್ಬಿಯೊಳಗೆ ಬ್ಯಾಟರಿ ಮತ್ತು ಉಕ್ಕಿನ ನಾರು ಒಟ್ಟಿಗೆ ಇದ್ದರೆ ಚೀಲದಲ್ಲೇ ಬೆಂಕಿ ಹತ್ತುತ್ತದೆ. ಇದು ಡಬ್ಬಿಗೆ ಮಾತ್ರ ಅನ್ವಯಿಸುವ ಮಾತಲ್ಲ. ಮೇಜಿನ ಡ್ರಾಯರಿನಲ್ಲಿ ಕೀಲಿಕೈ, ನಾಣ್ಯಗಳ ಜೊತೆ ಬಿಡಿ 9 ವೋಲ್ಟ್ ಬ್ಯಾಟರಿ ಇದ್ದರೆ ಇವತ್ತೇ ಅದರ ತುದಿಗಳಿಗೆ ಟೇಪ್ ಅಂಟಿಸಿ. ಇನ್ನು ಮೊಬೈಲು, ಪವರ್‌ಬ್ಯಾಂಕಿನ ಲಿಥಿಯಂ ಬ್ಯಾಟರಿಗಳ ಮೇಲೆ ಈ ಪ್ರಯೋಗ ಕೂಡದು. ಅವು ಕಿಡಿ ಕೊಟ್ಟು ಸುಮ್ಮನಾಗುವುದಿಲ್ಲ, ತಾವೇ ಉಬ್ಬಿ ಸಿಡಿಯುತ್ತವೆ.

ಬಿಸಿಲು ಇದ್ದರೆ

ಬಿಸಿಲು ಪುಕ್ಕಟೆ, ಸವೆಯುವುದೂ ಇಲ್ಲ. ನಡುಹಗಲ ನಿಚ್ಚಳ ಬಿಸಿಲಲ್ಲಿ ಒಂದು ಚದರ ಮೀಟರಿಗೆ ಸುಮಾರು 1000 ವ್ಯಾಟ್ ಬೀಳುತ್ತದೆ. 75 ಮಿಲಿಮೀಟರ್ ಅಗಲದ ಭೂತಗನ್ನಡಿಗೆ ಅದರಲ್ಲಿ ಸಿಗುವುದು 4 ವ್ಯಾಟಿನ ಆಸುಪಾಸು. ಕಡಿಮೆ ಅನ್ನಿಸಬಹುದು, ಆದರೆ ಅಷ್ಟೂ ಒಂದು ಚುಕ್ಕೆಯ ಮೇಲೆ ಬೀಳುತ್ತದೆ. ಸೂರ್ಯನ ಬಿಂಬದ ಅಗಲ ಫೋಕಲ್ ದೂರದ, ಅಂದರೆ ಗಾಜಿನಿಂದ ಬಿಂಬ ಕೂಡುವ ಜಾಗದ ತನಕದ ದೂರದ, ಸುಮಾರು ನೂರನೇ ಒಂದು ಭಾಗ. 15 ಸೆಂಟಿಮೀಟರ್ ದೂರದಲ್ಲಿ ಬಿಂಬ ಮೂಡಿಸುವ ಗಾಜಾದರೆ ಚುಕ್ಕೆ ಒಂದೂವರೆ ಮಿಲಿಮೀಟರಿಗಿಂತ ಚಿಕ್ಕದು. ಅದೇ ಪ್ಲಸ್ 2 ಪವರಿನ ಓದುವ ಕನ್ನಡಕ ತೆಗೆದುಕೊಳ್ಳಿ. ಅದರ ಫೋಕಲ್ ದೂರ ಅರ್ಧ ಮೀಟರ್, ಚುಕ್ಕೆ ಐದು ಮಿಲಿಮೀಟರಿನ ಹತ್ತಿರ. ಬಿಸಿ ಹರಡಿಹೋಗಿ ಕಾಗದ ಬೆಚ್ಚಗಾಗುತ್ತದೆ ಅಷ್ಟೇ. ಮೈನಸ್ ಪವರಿನ ಕನ್ನಡಕವಂತೂ ಬೆಳಕನ್ನು ಚದುರಿಸುತ್ತದೆ, ಎಷ್ಟು ತಿಣುಕಿದರೂ ಉಪಯೋಗವಿಲ್ಲ.

ಡಬ್ಬಿಗೆ ಸರಿಹೊಂದಿದ್ದು ಎಟಿಎಂ ಕಾರ್ಡಿನ ಗಾತ್ರದ ಚಪ್ಪಟೆ ಪ್ಲಾಸ್ಟಿಕ್ ಭೂತಗನ್ನಡಿ, ಸುತ್ತು ಸುತ್ತು ಗೆರೆ ಇರುವಂಥದ್ದು. ಸಣ್ಣ ಅಕ್ಷರ ಓದಲು ಪರ್ಸಿನಲ್ಲಿ ಇಟ್ಟುಕೊಳ್ಳುತ್ತಾರಲ್ಲ, ಅದೇ. ಚುಕ್ಕೆ ಅಷ್ಟೊಂದು ಚೊಕ್ಕವಾಗಿ ಕೂಡುವುದಿಲ್ಲ. ಆದರೆ ಕೆಳಗಿರುವುದು ಇದ್ದಿಲು ಬಟ್ಟೆ ನೋಡಿ, ಕಪ್ಪು ಬಣ್ಣ ಬೆಳಕನ್ನೆಲ್ಲ ನುಂಗುತ್ತದೆ, ತಡಮಾಡದೆ ಹಿಡಿಯುತ್ತದೆ. ಬಿಳಿ ಕಾಗದ ಬೆಳಕನ್ನು ವಾಪಸ್ ಎಸೆಯುತ್ತದೆ. ಅಚ್ಚಾದ ಕಾಗದವಾದರೆ ಕಪ್ಪು ಅಕ್ಷರದ ಮೇಲೆ ಹಿಡಿಯಿರಿ. ಚುಕ್ಕೆಯನ್ನೇ ದಿಟ್ಟಿಸಬೇಡಿ, ತಂಪು ಕನ್ನಡಕ ಹಾಕಿಕೊಳ್ಳಿ.

ನೀರು ತುಂಬಿದ ಗುಂಡು ಗಾಜಿನ ಪಾತ್ರೆಯೂ ಮಸೂರವೇ. ನೀರಿನ ಗೋಲದಲ್ಲಿ ಬಿಂಬ ಕೂಡುವುದು ಹಿಂಬದಿಯ ಗಾಜಿನಿಂದ ಗೋಲದ ಅರ್ಧ ಅಗಲದಷ್ಟು ದೂರದಲ್ಲಿ. 8 ಸೆಂಟಿಮೀಟರಿನ ಗೋಲಕ್ಕೆ 4 ಸೆಂಟಿಮೀಟರ್. ಅಂಚಿನ ಕಿರಣಗಳು ಬೇರೆ ಕಡೆ ಕೂಡುವುದರಿಂದ ಚುಕ್ಕೆ ಮಸುಕು. ಇದ್ದಿಲು ಬಟ್ಟೆ ಇಲ್ಲದೆ ಇದನ್ನು ನಂಬಿ ಕೂರಬೇಡಿ. ಆದರೆ ಕಿಟಕಿಯಲ್ಲಿ ಬಿಸಿಲಿಗೆ ಇಂಥ ಪಾತ್ರೆ ಇಡುವವರು ಅದರ ಹಿಂದೆ ಪರದೆ ಇದೆಯಾ ಅಂತ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ತಂಪುಪಾನೀಯದ ಕ್ಯಾನಿನ ತಳವನ್ನು ಟೂತ್‌ಪೇಸ್ಟಿನಿಂದ ಉಜ್ಜಿ ಕನ್ನಡಿ ಮಾಡುವ ವಿಧಾನವೂ ಇದೆ. ಕೈ ಸೋಲುವಷ್ಟು ಉಜ್ಜಬೇಕು. ಬೇರೆ ಕೆಲಸ ಇಲ್ಲದ ದಿನ ಮಾಡಿ.

ಉರಿ ನಿಲ್ಲಿಸುವ ಉಂಡೆಗಳು

ಕೆಂಡ ಬಂತು, ಜ್ವಾಲೆ ಬಂತು. ಪುಳ್ಳೆ ಸ್ವಲ್ಪ ಹಸಿ ಇದ್ದರೆ ಅದು ಒಣಗಿ ಹೊತ್ತುವ ತನಕ ಕೆಳಗೆ ಏನೋ ಒಂದು ಉರಿಯುತ್ತಲೇ ಇರಬೇಕು. ಒಣ ಹತ್ತಿ ಭಗ್ಗೆಂದು ಹೊತ್ತಿ ಕ್ಷಣದಲ್ಲಿ ಮುಗಿಯುತ್ತದೆ. ಅದಕ್ಕೆ ವ್ಯಾಸಲೀನ್ ಸವರಿದರೆ ನಾಲ್ಕೈದು ನಿಮಿಷ ಉರಿಯುತ್ತದೆ. ಉರಿಯುವುದು ವ್ಯಾಸಲೀನ್, ಹತ್ತಿ ಬರೀ ಬತ್ತಿ. ನಿಂಬೆ ಗಾತ್ರದ ಹತ್ತಿ ಉಂಡೆಗೆ ಅರ್ಧ ಟೀ ಚಮಚ ಸಾಕು. ಹೊರಗೆ ಮಾತ್ರ ತಿಕ್ಕಿ, ಒಳಗಿನ ಹತ್ತಿ ಒಣಗಿರಲು ಬಿಡಬೇಕು. ಹಚ್ಚುವಾಗ ಉಂಡೆಯನ್ನು ಬಿಡಿಸಿ ಒಳಗಿನ ನವಿರು ಎಳೆಗಳನ್ನು ಮೇಲೆ ತಂದು ಲೈಟರಿನ ಕಿಡಿ ಕೊಡಬೇಕು. ಪೂರ್ತಿ ಜಿಡ್ಡಾದ ಹತ್ತಿಗೆ ಕಿಡಿ ತಾಗುವುದೇ ಇಲ್ಲ.

ಈ ಉಂಡೆಗಳು ಡಬ್ಬಿಯಲ್ಲಿ ಸುಮ್ನೆ ಬಿಟ್ಟರೆ ಇದ್ದಿಲು ಬಟ್ಟೆಗೂ ಜಿಡ್ಡು ಹತ್ತುತ್ತದೆ. ಅದಕ್ಕೆ ಪ್ಲಾಸ್ಟಿಕ್ ಸ್ಟ್ರಾ ಬಳಸಿದೆ. ಬೆರಳುದ್ದದ ತುಂಡು, ಒಂದು ತುದಿಯನ್ನು ಇಕ್ಕಳದಲ್ಲಿ ಕಚ್ಚಿ, ಹೊರಗೆ ಉಳಿದ ಅಂಚನ್ನು ಕಾವಿಗೆ ಹಿಡಿದು ಬೆಸೆಯುವುದು. ಹತ್ತಿಯನ್ನು ಕಡ್ಡಿಯಿಂದ ತುರುಕಿ ಇನ್ನೊಂದು ತುದಿಯನ್ನೂ ಹಾಗೇ ಬೆಸೆಯುವುದು. ತುದಿಗೆ ಜಿಡ್ಡು ಹತ್ತಿದ್ದರೆ ಬೆಸುಗೆ ಕೂಡುವುದಿಲ್ಲ, ಒರೆಸಿಕೊಳ್ಳಬೇಕು. ನೀರಿಗೆ ಬಿದ್ದರೂ ಒಳಗಿನದ್ದು ಒದ್ದೆಯಾಗುವುದಿಲ್ಲ.

ಜೊತೆಗೆ ಮೇಣದ ಬಿಲ್ಲೆಗಳು. ಮೇಕಪ್ ಒರೆಸುವ ಹತ್ತಿ ಬಿಲ್ಲೆಯನ್ನು ಕರಗಿದ ಮೇಣದಲ್ಲಿ ಮುಕ್ಕಾಲು ಭಾಗ ಅದ್ದಿ ಆರಿಸಿದೆ. ಅದ್ದದೇ ಉಳಿದ ಮೂಲೆ ಹಚ್ಚುವುದಕ್ಕೆ. ಮೇಣ ಕರಗಿಸುವಾಗ ಪಾತ್ರೆಯನ್ನು ನೇರ ಉರಿಯ ಮೇಲೆ ಇಡಬೇಡಿ. ಕುದಿಯುವ ನೀರಿನ ಪಾತ್ರೆಯೊಳಗೆ ಮೇಣದ ಪಾತ್ರೆ ಇಡಿ. ನೀರು 100 ಡಿಗ್ರಿ ದಾಟುವುದಿಲ್ಲವಾದ್ದರಿಂದ ಮೇಣಕ್ಕೆ ಬೆಂಕಿ ಹತ್ತುವ ಭಯವಿಲ್ಲ. ಅಕಸ್ಮಾತ್ ಹತ್ತಿದರೆ ನೀರು ಸುರಿಯಬಾರದು, ಮುಚ್ಚಳ ಮುಚ್ಚಬೇಕು.

ಸ್ಯಾನಿಟೈಸರ್ ಇಡಬಹುದಲ್ಲ ಅಂತ ಕೇಳಬಹುದು. ಬೇಡ. ಆಲ್ಕೋಹಾಲಿನ ಜ್ವಾಲೆ ಹಗಲಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ. ಆರಿದೆ ಅಂದುಕೊಂಡು ಇನ್ನಷ್ಟು ಸುರಿದರೆ ಉರಿ ಬಾಟಲಿಗೇ ಹಿಂತಿರುಗುತ್ತದೆ. ಔಷಧಿ ಕಪಾಟಿನ ರಾಸಾಯನಿಕಗಳನ್ನು ಬೆರೆಸಿ ಬೆಂಕಿ ಎಬ್ಬಿಸುವ ವಿದ್ಯೆಗಳನ್ನೂ ಹೊರಗಿಟ್ಟೆ. ಬೇಕಾದಾಗ ಹೊತ್ತುವುದಕ್ಕಿಂತ ಬೇಡದಾಗ ಹೊತ್ತದೇ ಇರುವ ಡಬ್ಬಿ ನನಗೆ ಬೇಕಿತ್ತು.

ಡಬ್ಬಿ ತುಂಬಿದ್ದು, ಹಚ್ಚಿದ್ದು

ತಳದಲ್ಲಿ ಅರದ ತುಂಡು ಮತ್ತು ಬೆಣಚುಕಲ್ಲು, ಒಂದಕ್ಕೊಂದು ತಾಗದಂತೆ ನಡುವೆ ಮೇಣದ ಬಿಲ್ಲೆ. ಪಕ್ಕದಲ್ಲಿ ಲೈಟರ್. ಇದ್ದಿಲು ಬಟ್ಟೆಗೆ ಮಾತ್ರೆಯ ಪುಟ್ಟ ಪ್ಲಾಸ್ಟಿಕ್ ಬಾಟಲಿ, ಏಕೆಂದರೆ ಗಾಳಿಯ ತೇವ ಹೀರಿದರೆ ಅದು ಮಂಕಾಗುತ್ತದೆ. ಸ್ಟ್ರಾಗಳು, ಸೆಣಬಿನ ಹುರಿ, ಮುಚ್ಚಳದ ಒಳಬದಿಗೆ ಚಪ್ಪಟೆ ಭೂತಗನ್ನಡಿ.

ಪರೀಕ್ಷೆಗೆ ಆರಿಸಿದ್ದು ಮಳೆ ಬಂದು ಬಿಟ್ಟ ಸಂಜೆ. ನೆಲ ಒದ್ದೆ, ಹಾಗಾಗಿ ಮೊದಲು ಎರಡು ಚಕ್ಕೆ ಸೌದೆ ಹಾಸಿದೆ. ಪುಳ್ಳೆಯ ಸಿಪ್ಪೆ ಹಸಿಯಾಗಿತ್ತು. ಚಾಕುವಿನಿಂದ ಸಿಪ್ಪೆ ಹೆರೆದು, ಒಳಗಿನ ಒಣ ಮರದ ಮೇಲೆ ಸುರುಳಿ ಸುರುಳಿ ಎಬ್ಬಿಸಿದೆ, ಕಡ್ಡಿಯಿಂದ ಬಿಡಿಸದೆ. ಲೈಟರಿನ ಕಿಡಿ ವ್ಯಾಸಲೀನ್ ಹತ್ತಿಯ ಎಳೆಗೆ ಹಿಡಿಯಿತು. ಹತ್ತಿಯ ಮೇಲೆ ಸುರುಳಿ ಕಡ್ಡಿ, ಅದರ ಮೇಲೆ ಪೆನ್ಸಿಲ್‌ಗಿಂತ ತೆಳು ಪುಳ್ಳೆ, ಗಾಳಿ ಆಡಲು ಸಂದು ಬಿಟ್ಟು. ಹತ್ತಿ ಮುಗಿಯುವ ಮೊದಲೇ ಪುಳ್ಳೆ ಚಟಪಟ ಅನ್ನತೊಡಗಿತು. ಕಲ್ಲು, ಉಕ್ಕಿನಿಂದಲೂ ಅದೇ ಸಂಜೆ ಇನ್ನೊಂದು ಒಲೆ ಹಚ್ಚಿದೆ. ಸಮಯ ಜಾಸ್ತಿ ಹಿಡಿಯಿತು. ಸೆಣಬಿನ ಗೂಡು ಹೊತ್ತುವ ಮೊದಲು ತುಂಬ ಊದಿಸಿಕೊಂಡಿತು, ಆ ತೇವದ ಗಾಳಿಗೆ ಅದೂ ಮೆತ್ತಗಾಗಿತ್ತು. ಆಮೇಲೆ ಹುರಿಯನ್ನೂ ಸ್ಟ್ರಾದೊಳಗೆ ಸೇರಿಸಿದೆ.

ಆರಿಸುವಾಗ ನೀರು ಹಾಕಿ, ಕೋಲಿನಿಂದ ಕದಡಿ, ಮತ್ತೆ ನೀರು ಹಾಕಿ, ಬೂದಿಯ ಹತ್ತಿರ ಕೈಯ ಹಿಂಬದಿ ಹಿಡಿದು ಬಿಸಿ ಇಲ್ಲ ಅಂತ ನೋಡಿಕೊಳ್ಳಬೇಕು. ಉಳಿದ ಇದ್ದಿಲು ಬಟ್ಟೆಯ ಚೂರುಗಳನ್ನಂತೂ ನೀರಿನಲ್ಲಿ ಮುಳುಗಿಸಿಯೇ ಎಸೆಯಬೇಕು. ಹೊರಗೆ ಕಪ್ಪಗೆ ಕಂಡರೂ ಮಡಿಕೆಯೊಳಗೆ ಕೆಂಡ ಉಳಿದಿರುತ್ತದೆ.

ಡಬ್ಬಿ ತಾನಾಗಿ ತೆರೆದುಕೊಳ್ಳದಿರಲು ಹಳೆಯ ಸೈಕಲ್ ಟ್ಯೂಬಿನಿಂದ ಎರಡು ಬೆರಳಗಲದ ಪಟ್ಟಿ ಕತ್ತರಿಸಿ ಸುತ್ತಲೂ ಹಾಕಿದ್ದೇನೆ. ಮುಚ್ಚಳದ ಸಂದು ಮುಚ್ಚಿ ನೀರು ತಡೆಯುತ್ತದೆ. ತೀರಾ ಒದ್ದೆಯಾದ ದಿನ ಅದರಿಂದಲೇ ಒಂದು ಎಳೆ ಕತ್ತರಿಸಿ ಉರಿಗೆ ಸೇರಿಸಬಹುದು, ರಬ್ಬರಿನ ಮೇಲಿನ ನೀರು ಒರೆಸಿದರೆ ಸಾಕು, ಹೊತ್ತುತ್ತದೆ. ಹೊಗೆ ಮಾತ್ರ ಕಪ್ಪು, ನಾತವೂ ಜಾಸ್ತಿ, ಅಡುಗೆಯ ಬೆಂಕಿಗೆ ಬೇಡ.